ಸಂಶೋಧನೆಯ ಪದವಿ: ಯಾರಿಗೆ, ಏತಕ್ಕೆ?

ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದ ಮೇಲೆ ಕಾಲೇಜಿನ ಅಧ್ಯಾಪಕರ ಕೊಠಡಿಗೆ ಬಂದುಹೋಗುವವರು ಹೆಚ್ಚು. ಪತ್ರಗಳಿಗೆ ಸಹಿ ಹಾಕಿಸಿಕೊಳ್ಳಲು ಕೆಲವರು, ಸಿಹಿ ಹಂಚಲು ಕೆಲವರು, ಮುಂದೇನು ಓದಬೇಕೆಂದು ಕೇಳಲು ಮತ್ತೆ ಕೆಲವರು ಬರುತ್ತಾರೆ. ಕೆಲವು ವರ್ಷಗಳ ಕೆಳಗೆ ಹೀಗೆಯೇ ನಮ್ಮ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯೊಡನೆ ಬಂದಳು. ಆಕೆಯ ಕೈಯಲ್ಲಿ ಎರಡು ಪತ್ರಗಳಿದ್ದುವು. ಬ್ಯಾಂಕೊಂದರ ಗುಮಾಸ್ತೆಯ ಕೆಲಸಕ್ಕೆ ಆಯ್ಕೆಯಾದುದನ್ನು ತಿಳಿಸುವ ಪತ್ರ ಒಂದು; ಬಿ.ಎಸ್‌ಸಿ. ಮುಗಿಸಿದವರನ್ನು ಡಾಕ್ಟರೇಟಿನವರೆಗೂ ಕರೆದೊಯ್ಯುವ ಸಂಶೋಧನಾ ವ್ಯಾಸಂಗಕ್ಕೆ ಸ್ಥಾನ ದೊರೆತಿದೆಯೆಂಬ ಪತ್ರ ಇನ್ನೊಂದು. ತಂದೆ ರೇಷ್ಮೆ ಬೆಳೆಯುವ ರೈತರು, ಮಿತಭಾಷಿಗಳು. ಕುರ್ಚಿಯ ತುದಿಯಲ್ಲಿ ಕುಳಿತು ಅವರು ಮೂರೇ ಪ್ರಶ್ನೆಗಳನ್ನು ಕೇಳಿದರು:

"ಮೇಷ್ಟ್ರೆ, ಇದು ಎಷ್ಟು ವರ್ಷದ ಓದು? ಮುಗಿದ ಮೇಲೆ ಮಗು ಏನಾಗುತ್ತಾಳೆ? ಮಧ್ಯದಲ್ಲಿ ಆಗಲಿಲ್ಲ ಅಂದರೆ ಕೈಗೆ ಏನು ಉಳಿಯುತ್ತೆ?"

ನಾವು ಸ್ನಾತಕೋತ್ತರ ಪದವಿಯನ್ನು ಪಡೆದೊಡನೆ ಅಧ್ಯಾಪಕ ವೃತ್ತಿಗೆ ಬಂದವರು. ಒಮ್ಮೆ ಅದೇ ಕವಲಿನಲ್ಲಿ ನಿಂತಿದ್ದೆವಾದರೂ ಆ ಇನ್ನೊಂದು ದಾರಿಯನ್ನು ತುಳಿದವರಲ್ಲ. "ನಾಲ್ಕು ದಿನ ಬಿಟ್ಟು ಬನ್ನಿ, ವಿಚಾರಿಸಿ ಹೇಳುತ್ತೇವೆ" ಎಂದು ಕಳುಹಿಸಿದೆವು. ಅಂದು ವಿಚಾರಿಸಿ ತಿಳಿದುದನ್ನೂ ಆಮೇಲೆ ಕಂಡುಕೊಂಡುದನ್ನೂ ಒಟ್ಟುಗೂಡಿಸಿ ಇಲ್ಲಿ ಬರೆದಿದ್ದೇವೆ. ಇಂಥ ಎರಡು ಪತ್ರಗಳು ಮುಂದೆ ನಿಮ್ಮ ಕೈಗೂ ಬರಬಹುದು.

ಉತ್ತರವಿರುವ ಓದು, ಉತ್ತರವಿಲ್ಲದ ಓದು

ವಿಶ್ವವಿದ್ಯಾನಿಲಯಗಳಲ್ಲಿ ಎರಡು ಬಗೆಯ ವ್ಯಾಸಂಗಗಳುಂಟು. ಮೊದಲನೆಯದರಲ್ಲಿ ಪಾಠ ನಡೆಯುತ್ತದೆ, ಪರೀಕ್ಷೆ ಬರುತ್ತದೆ, ಅಂಕಗಳು ದೊರೆಯುತ್ತವೆ. ಅಲ್ಲಿ ಕೇಳುವ ಪ್ರಶ್ನೆಗಳ ಉತ್ತರ ಕೇಳುವವರಿಗೆ ಮೊದಲೇ ಗೊತ್ತು. ಸಾಮಾನ್ಯವಾದ ಎಂ.ಎಸ್‌ಸಿ. ಪದವಿ ಬಹುಮಟ್ಟಿಗೆ ಈ ಬಗೆಯದು. ಎರಡನೆಯದರಲ್ಲಿ ಪ್ರಶ್ನೆ ಮಾತ್ರ ಇರುತ್ತದೆ. ಉತ್ತರ ವಿದ್ಯಾರ್ಥಿಗೂ ಗೊತ್ತಿಲ್ಲ, ಗುರುವಿಗೂ ಗೊತ್ತಿಲ್ಲ. ವಿದ್ಯಾರ್ಥಿ ಅದನ್ನು ಹುಡುಕಿ, ಹುಡುಕಿದ ಬಗೆಯನ್ನು ಮಹಾಪ್ರಬಂಧವಾಗಿ ಬರೆದು, ಬಲ್ಲವರ ಮುಂದೆ ನಿಂತು ಸಮರ್ಥಿಸಬೇಕು. ಸಂಶೋಧನೆಯ ಪದವಿಯೆಂದರೆ ಇದೇ.

ಈ ಭೇದ ಮಾತಿನಲ್ಲಿ ಸುಲಭ, ಅನುಭವದಲ್ಲಿ ಹೇಗಿರುತ್ತದೆ? ಎಲ್ಲರೂ ಬಲ್ಲ ಪ್ರಯೋಗವೊಂದನ್ನು ತೆಗೆದುಕೊಳ್ಳೋಣ. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆಯುವ ಪ್ರಯೋಗವನ್ನು ನೀವು ಮಾಡಿಯೇ ಇರುತ್ತೀರಿ. ಪುಸ್ತಕದಲ್ಲಿ ಪ್ರತಿ ಸೆಕೆಂಡಿಗೆ ಪ್ರತಿ ಸೆಕೆಂಡಿಗೆ 9.8 ಮೀಟರು ಎಂದಿದೆ. ನಿಮಗೆ 9.6 ಬಂದಿತೆನ್ನಿ. ಆಗ ಏನು ಮಾಡುತ್ತೀರಿ? ನಾವು ಕಂಡಂತೆ ಹತ್ತರಲ್ಲಿ ಒಂಬತ್ತು ಮಂದಿ ಪಕ್ಕದವರ ರೆಕಾರ್ಡ್ ಪುಸ್ತಕವನ್ನು ನೋಡಿ, ಕಾಲದ ಅಂಕಿಯನ್ನು ಕೊಂಚ ತಿದ್ದಿ, 9.8 ಎಂದು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ನಾವು ಕೂಡ ಒಂದು ಕಾಲದಲ್ಲಿ ಹಾಗೆ ಮಾಡಿದವರೇ ಎಂದು ಒಪ್ಪಿಕೊಳ್ಳುವುದು ಒಳ್ಳೆಯದು.

ಮೇಲೆ ಹೇಳಿದ ವಿದ್ಯಾರ್ಥಿನಿ ಹಾಗೆ ಮಾಡಲಿಲ್ಲ. 9.6 ಎಂದೇ ಬರೆದು, "ಸರ್, ಇದು ಏಕೆ ಕಡಿಮೆಯಾಯಿತು?" ಎಂದು ಕೇಳಿದಳು. ನಮ್ಮ ಕಡೆ, ಭೂಮಧ್ಯರೇಖೆಗೆ ಸಮೀಪವಾಗಿಯೂ ಎತ್ತರವಾಗಿಯೂ ಇರುವ ಬೆಂಗಳೂರಿನ ಸುತ್ತಮುತ್ತ, ಈ ಬೆಲೆ ಸುಮಾರು 9.78. ಆದರೆ 9.6 ಎಂಬುದು ಅದಕ್ಕಿಂತಲೂ ನೂರಕ್ಕೆ ಎರಡರಷ್ಟು ಕಡಿಮೆ. ಕಾರಣಗಳು ಎರಡಿರಬಹುದು. ಗುಂಡನ್ನು ಬಹಳ ದೂರ ಎಳೆದು ಬಿಟ್ಟಿರಬಹುದು: ಸುಮಾರು 22 ಅಂಶ ಕೋನಕ್ಕೆ ಎಳೆದು ತೂಗಿಸಿದರೆ ಆವರ್ತಕಾಲ ನೂರಕ್ಕೆ ಒಂದರಷ್ಟು ಹೆಚ್ಚುತ್ತದೆ, ಗುರುತ್ವದ ಬೆಲೆ ಆವರ್ತಕಾಲದ ವರ್ಗಕ್ಕೆ ವಿಲೋಮವಾದ್ದರಿಂದ ಅದು ನೂರಕ್ಕೆ ಎರಡರಷ್ಟು ತಗ್ಗುತ್ತದೆ. ಇಲ್ಲವೇ, ದಾರದ ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯದೆ ಕೊಕ್ಕೆಯವರೆಗೆ ಮಾತ್ರ ಅಳೆದಿರಬಹುದು: ಒಂದು ಮೀಟರು ಉದ್ದದಲ್ಲಿ ಸುಮಾರು 1.8 ಸೆಂಟಿಮೀಟರು ಬಿಟ್ಟುಹೋದರೂ ಬರುವ ಬೆಲೆ ಅದೇ 9.6.

ಎರಡು ತಪ್ಪುಗಳು, ಒಂದೇ ಫಲ. ನಿಜವಾದ ಕಾರಣ ಯಾವುದೆಂದು ಕಂಡುಹಿಡಿಯುವುದು ಹೇಗೆ? ನಾವು ಉತ್ತರವನ್ನು ಹೇಳಲಿಲ್ಲ. ಆಕೆ ಎರಡು ದಿನ ಯೋಚಿಸಿ ಬಂದು, ದಾರದ ಉದ್ದವನ್ನು ಅರ್ಧಮಾಡಿದಳು. ತಪ್ಪು ಕೋನದ್ದಾದರೆ, ಅದೇ ಕೋನಕ್ಕೆ ಎಳೆದಷ್ಟು ಕಾಲವೂ, ಉದ್ದವೆಷ್ಟಿದ್ದರೂ 9.6 ಬರಬೇಕು. ತಪ್ಪು ಉದ್ದದ್ದಾದರೆ, ಬಿಟ್ಟುಹೋದ 1.8 ಸೆಂಟಿಮೀಟರು ಅರ್ಧ ಮೀಟರಿನಲ್ಲಿ ಇಮ್ಮಡಿ ಪಾಲಾಗಿ, ಬೆಲೆ 9.44ರ ಸಮೀಪಕ್ಕೆ ಇಳಿಯಬೇಕು. ಬೆಲೆ ಇಳಿಯಿತು. ಆಮೇಲೆ ಹಲವು ಉದ್ದಗಳಿಗೆ ಆವರ್ತಕಾಲದ ವರ್ಗವನ್ನು ಗುರುತಿಸಿ ಆಲೇಖವನ್ನು ಎಳೆದಳು. ರೇಖೆ ನೇರವಾಗಿಯೇ ಇದ್ದಿತು. ಆದರೆ ಮೂಲಬಿಂದುವಿನ ಮೂಲಕ ಹಾಯಲಿಲ್ಲ. ರೇಖೆಯ ಇಳಿಜಾರಿನಿಂದ ಲೆಕ್ಕಹಾಕಿದಾಗ ಸರಿಯಾದ ಬೆಲೆಯೇ ಬಂದಿತು! ತಪ್ಪಿನೊಳಗೇ ಸರಿ ಅಡಗಿತ್ತು.

ಪ್ರಪಂಚಕ್ಕೆ ಇದರಿಂದ ಹೊಸದೇನೂ ತಿಳಿಯಲಿಲ್ಲ, ನಿಜ. ಆದರೆ ಸಂಶೋಧನೆಯ ಪೂರ್ಣ ರೂಪ ಇಷ್ಟರಲ್ಲೇ ಇದೆ: ಒಪ್ಪದ ಅಂಕಿಯನ್ನು ಮುಚ್ಚಿಡದಿರುವುದು, ಸಾಧ್ಯವಾದ ಕಾರಣಗಳನ್ನು ಎಣಿಸುವುದು, ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಪ್ರಯೋಗವನ್ನು ಯೋಚಿಸುವುದು. ಅಂಕಪಟ್ಟಿಯಲ್ಲಿ ಕಾಣಿಸದ ಈ ಗುಣವಿರುವವರಿಗೆ ಸಂಶೋಧನಾ ಪದವಿ ತಕ್ಕುದು.

ಈ ಪದವಿ ಬಂದ ಬಗೆ

ಬಹು ಕಾಲದವರೆಗೆ ವಿಶ್ವವಿದ್ಯಾನಿಲಯಗಳ ಕೆಲಸ ತಿಳಿದುದನ್ನು ಕಲಿಸುವುದಷ್ಟೇ ಆಗಿದ್ದಿತು. 1810ರಲ್ಲಿ ತೆರೆದ ಬರ್ಲಿನ್ ವಿಶ್ವವಿದ್ಯಾನಿಲಯ, ಕಲಿಸುವುದೂ ಹುಡುಕುವುದೂ ಒಂದೇ ಮನೆಯಲ್ಲಿ ನಡೆಯಬೇಕೆಂಬ ಭಾವನೆಗೆ ಹೆಸರಾಯಿತು. 1824ರಲ್ಲಿ ಗೀಸೆನ್ ಎಂಬ ಚಿಕ್ಕ ಊರಿಗೆ ಅಧ್ಯಾಪಕರಾಗಿ ಬಂದ ರಸಾಯನಶಾಸ್ತ್ರಜ್ಞ ಲೀಬಿಗ್, ವಿದ್ಯಾರ್ಥಿಗಳನ್ನು ಪ್ರಯೋಗಶಾಲೆಗೆ ಕರೆದು ಸಂಶೋಧನೆಯನ್ನು ಕಸುಬಿನಂತೆ ಕಲಿಸಿದರು. ಬಡಗಿಯ ಮಗ ಉಳಿ ಹಿಡಿದು ಬಡಗಿಯಾಗುವಂತೆ ಅಲ್ಲಿಯ ಶಿಷ್ಯರು ಕೆಲಸ ಮಾಡುತ್ತಲೇ ವಿಜ್ಞಾನಿಗಳಾದರು. ಇಂಗ್ಲೆಂಡಿನ ಕೇಂಬ್ರಿಜ್, ಬೇರೆ ವಿಶ್ವವಿದ್ಯಾನಿಲಯಗಳ ಪದವೀಧರರನ್ನು ಸಂಶೋಧನಾ ವಿದ್ಯಾರ್ಥಿಗಳಾಗಿ ಸೇರಿಸಿಕೊಳ್ಳಲು ಒಪ್ಪಿದುದು 1895ರಲ್ಲಿ. ಹಾಗೆ ಬಂದ ಮೊದಲಿಗರಲ್ಲಿ ನ್ಯೂಜಿಲೆಂಡಿನ ಅರ್ನೆಸ್ಟ್ ರುದರ್‌ಫರ್ಡ್ ಒಬ್ಬರು. ಪರಮಾಣುವಿನ ಒಳಗೆ ಬೀಜವಿದೆಯೆಂದು ಮುಂದೆ ತೋರಿಸಿಕೊಟ್ಟವರು ಅವರೇ.

ನಮ್ಮ ನಾಡಿನಲ್ಲಿ ಈ ಉದ್ದೇಶದಿಂದಲೇ ಹುಟ್ಟಿದ ಸಂಸ್ಥೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಜಮ್‌ಶೆಟ್‌ಜಿ ಟಾಟಾ ಅವರ ಸಂಕಲ್ಪ, ಮೈಸೂರು ಸಂಸ್ಥಾನವು ಕೊಟ್ಟ ಸುಮಾರು 371 ಎಕರೆ ಭೂಮಿ, ಇವೆರಡೂ ಕೂಡಿ 1909ರಲ್ಲಿ ಅದು ರೂಪುಗೊಂಡಿತು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ಆದರೆ ವಿಶ್ವವಿದ್ಯಾನಿಲಯದ ಮನ್ನಣೆ ಅದಕ್ಕೆ ದೊರೆತುದು 1958ರಲ್ಲಿ. ಅಷ್ಟು ಕಾಲ ಅಲ್ಲಿ ದುಡಿದವರು ಡಾಕ್ಟರೇಟ್ ಬೇಕಾದರೆ ಮಹಾಪ್ರಬಂಧವನ್ನು ಬೇರೊಂದು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಬೇಕಾಗಿತ್ತು. ಈ ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿರಲಿ.

ಕಾಲು ಅಂಗುಲದ ಗುರುತು

ಸಂಶೋಧನಾ ವಿದ್ಯಾರ್ಥಿಯ ದಿನಗಳು ಹೇಗೆ ಕಳೆಯುತ್ತವೆಂಬುದಕ್ಕೆ ಜೋಸೆಲಿನ್ ಬೆಲ್ ಅವರ ಕಥೆಗಿಂತ ಒಳ್ಳೆಯ ನಿದರ್ಶನವಿಲ್ಲ. 1965ರಲ್ಲಿ ಅವರು ಕೇಂಬ್ರಿಜ್‌ನಲ್ಲಿ ಆಂಟೊನಿ ಹ್ಯೂವಿಷ್ ಅವರ ಶಿಷ್ಯೆಯಾಗಿ ಸೇರಿದರು. ದೂರದ ರೇಡಿಯೋ ಆಕರಗಳ ಮಿನುಗುವಿಕೆಯನ್ನು ಅಳೆಯುವುದು ಅವರ ವಿಷಯ. ಮೊದಲ ಎರಡು ವರ್ಷಗಳು ವಿಜ್ಞಾನಕ್ಕಿಂತ ಕೂಲಿಕೆಲಸವೇ ಎನ್ನಬಹುದು: ನಾಲ್ಕೂವರೆ ಎಕರೆ ಬಯಲಿನಲ್ಲಿ ಕಂಬಗಳನ್ನು ನೆಟ್ಟು, ತಂತಿಗಳನ್ನು ಬಿಗಿದು, ರೇಡಿಯೋ ದೂರದರ್ಶಕವನ್ನು ಕಟ್ಟಬೇಕಾಯಿತು. 1967ರ ಜುಲೈಯಲ್ಲಿ ಅದು ಕೆಲಸಮಾಡತೊಡಗಿದ ಮೇಲೆ ದಿನಕ್ಕೆ ಸುಮಾರು ನೂರು ಅಡಿ ಕಾಗದದ ಮೇಲೆ ಲೇಖನಿಯ ಗೆರೆಗಳು ಬರತೊಡಗಿದುವು. ಅದೆಲ್ಲವನ್ನೂ ಕಣ್ಣಿನಿಂದಲೇ ಪರೀಕ್ಷಿಸಬೇಕು.

ಆಕಾಶವನ್ನು ಒಂದು ಸುತ್ತು ನೋಡಿ ಮುಗಿಸುವಷ್ಟರಲ್ಲಿ ಆಗುತ್ತಿದ್ದ ನಾನೂರು ಅಡಿ ಕಾಗದದಲ್ಲಿ ಕಾಲು ಅಂಗುಲದಷ್ಟು ಜಾಗದಲ್ಲಿ ಗೀಚಿದಂಥ ಗುರುತೊಂದು ಅವರಿಗೆ ಕಾಣಿಸಿತು. ಅದು ನಕ್ಷತ್ರದ ಮಿನುಗುವಿಕೆಯಲ್ಲ, ಭೂಮಿಯ ಮೇಲಿನ ಯಂತ್ರಗಳ ಗಲಭೆಯೂ ಅಲ್ಲ. ಬಿಟ್ಟುಬಿಡಬಹುದಾಗಿತ್ತು, ಬಿಡಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಕಾಗದವನ್ನು ವೇಗವಾಗಿ ಓಡಿಸಿ ಗುರುತನ್ನು ಹಿಗ್ಗಲಿಸಿದಾಗ, 1.33 ಸೆಕೆಂಡಿಗೊಮ್ಮೆ ತಪ್ಪದೆ ಬರುವ ಮಿಡಿತಗಳು ಕಂಡುವು. ಪಲ್ಸಾರ್ ಎಂದು ಇಂದು ನಾವು ಕರೆಯುವ, ಸುತ್ತುತ್ತಿರುವ ನ್ಯೂಟ್ರಾನ್ ನಕ್ಷತ್ರಗಳಲ್ಲಿ ಮೊದಲನೆಯದು ಹೀಗೆ ಗೋಚರವಾಯಿತು. ಆದರೂ ಅವರು ಮಹಾಪ್ರಬಂಧವನ್ನು ಬರೆದುದು ಮೊದಲು ಒಪ್ಪಿಕೊಂಡಿದ್ದ ವಿಷಯವನ್ನು ಕುರಿತೇ. ಪಲ್ಸಾರುಗಳು ಅದರ ಅನುಬಂಧದಲ್ಲಿ ಸೇರಿದುವು! 1974ರಲ್ಲಿ ಇದಕ್ಕಾಗಿ ನೊಬೆಲ್ ಬಹುಮಾನ ಗುರುವಿಗೆ ಬಂದಿತು, ಶಿಷ್ಯೆಗೆ ಬರಲಿಲ್ಲ. 2018ರಲ್ಲಿ ಬೇರೊಂದು ಪ್ರಶಸ್ತಿಯಿಂದ ದೊರೆತ 30 ಲಕ್ಷ ಡಾಲರುಗಳನ್ನು ಅವರು ಸಂಶೋಧನಾ ವಿದ್ಯಾರ್ಥಿಗಳ ವೇತನಕ್ಕೆಂದೇ ಕೊಟ್ಟುಬಿಟ್ಟರು.

ಈ ಕಥೆಯಿಂದ ಎರಡು ಸಂಗತಿಗಳನ್ನು ಗ್ರಹಿಸಬೇಕು. ಸಂಶೋಧನೆಯ ಬಹುಪಾಲು ಬೇಸರದ ಕೆಲಸ. ಕಂಬ ನೆಡುವುದೂ ಕಾಗದ ನೋಡುವುದೂ ಅದರಲ್ಲಿ ಸೇರಿದೆ. ಶ್ರಮಕ್ಕೆ ತಕ್ಕ ಮನ್ನಣೆ ಸಕಾಲದಲ್ಲಿ ದೊರೆಯುತ್ತದೆಂಬ ಭರವಸೆಯೂ ಇಲ್ಲ. ಇವೆರಡನ್ನೂ ತಿಳಿದು ಒಪ್ಪುವವರು ಮಾತ್ರ ಹೊರಡಬೇಕು.

ಎಷ್ಟು ವರ್ಷದ ಓದು?

ಈಗ ರೈತರ ಮೊದಲ ಪ್ರಶ್ನೆಗೆ ಬರೋಣ. ಬಿ.ಎಸ್‌ಸಿ. ಆದವರಿಗೆ ಮುಖ್ಯವಾಗಿ ಎರಡು ದಾರಿಗಳುಂಟು. ಎಂ.ಎಸ್‌ಸಿ. ಮುಗಿಸಿ ಆಮೇಲೆ ಪಿಎಚ್.ಡಿ.ಗೆ ಸೇರುವುದು ಒಂದು. ಎರಡನ್ನೂ ಬೆಸೆದ ಇಂಟಿಗ್ರೇಟೆಡ್ ಪಿಎಚ್.ಡಿ. ಇನ್ನೊಂದು; ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೆ ಜ್ಯಾಮ್ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಸೇರಬಹುದು. ಎಂಜಿನಿಯರಿಂಗ್ ಪದವೀಧರರಿಗೆ, ಗೇಟ್ ಪರೀಕ್ಷೆಯ ಮೂಲಕ, ಪಾಠಕ್ಕಿಂತ ಪ್ರಬಂಧಕ್ಕೇ ಪ್ರಾಧಾನ್ಯವಿರುವ ಎಂ.ಟೆಕ್. (ರಿಸರ್ಚ್) ಪದವಿಯೂ ಅಲ್ಲಿದೆ. ಹಿಂದೆ ಇದ್ದ ಎಂ.ಫಿಲ್. ಪದವಿಯನ್ನು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಗಳು ನಿಲ್ಲಿಸಿದುವು.

ಅದೇ ನಿಯಮಗಳ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ನಾಲ್ಕು ವರ್ಷದ ಸ್ನಾತಕ ಪದವಿಯನ್ನು ನೂರಕ್ಕೆ 75 ಅಂಕಗಳೊಡನೆ ಮುಗಿಸಿದವರು ಎಂ.ಎಸ್‌ಸಿ. ಇಲ್ಲದೆಯೇ ಸೇರಬಹುದು. ಮೂರು ವರ್ಷವೆಂಬುದನ್ನು ನಂಬಿ ಮನೆಯ ಲೆಕ್ಕ ಹಾಕಬೇಡಿ. ಪ್ರಯೋಗದ ವಿಷಯಗಳಲ್ಲಿ ಐದು ವರ್ಷಗಳೆಂದೇ ಎಣಿಸುವುದು ಲೇಸು.

ಹಣದ ಮಾತನ್ನು ಮುಚ್ಚಿಡಬಾರದು. ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಅರ್ಹರಾದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ಎಂದು ಗೊತ್ತುಮಾಡಲಾಯಿತು. ಆದರೆ ವೇತನವಿಲ್ಲದೆ ಸೇರಿಕೊಳ್ಳುವವರೂ ಇದ್ದಾರೆ. ಮನೆಯನ್ನು ಅಡವಿಟ್ಟು ಸಂಶೋಧನೆಗೆ ಹೋಗಬೇಕೆಂದು ನಾವು ಯಾರಿಗೂ ಹೇಳಲಾರೆವು. ಸೇರುವ ಮುನ್ನ ವೇತನ ಎಷ್ಟು, ಯಾರಿಂದ, ಎಷ್ಟು ವರ್ಷ ಎಂಬುದನ್ನು ಬರಹದಲ್ಲಿ ಕೇಳಿ ತಿಳಿಯಿರಿ.

ಏನಾಗುತ್ತಾಳೆ?

ಪಿಎಚ್.ಡಿ. ಆದವರೆಲ್ಲರಿಗೂ ವಿಶ್ವವಿದ್ಯಾನಿಲಯದಲ್ಲಿ ಹುದ್ದೆ ಕಾದಿರುವುದಿಲ್ಲ. ಕೆಲವರು ಅಧ್ಯಾಪಕರೂ ಕೆಲವರು ರಾಷ್ಟ್ರೀಯ ಪ್ರಯೋಗಶಾಲೆಗಳ ವಿಜ್ಞಾನಿಗಳೂ ಆಗುತ್ತಾರೆ. ಅನೇಕರು ಉದ್ಯಮಗಳಿಗೆ ಹೋಗುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳುವುದಷ್ಟೇ ಗುರಿಯಾದರೆ, ಎಂ.ಎಸ್‌ಸಿ.ಯೊಡನೆ ನೆಟ್ ಅಥವಾ ಸ್ಲೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಅರ್ಹತೆ ದೊರೆಯುತ್ತದೆಂದು ಆಯೋಗವು 2023ರಲ್ಲಿ ಸ್ಪಷ್ಟಪಡಿಸಿತು. ಆದುದರಿಂದ ಕೆಲಸಕ್ಕೋಸ್ಕರವೇ ಸಂಶೋಧನಾ ಪದವಿಯನ್ನು ಆರಿಸಿಕೊಳ್ಳುವುದು ಜಾಣತನವಲ್ಲ. ಬೇರೆ ಯಾವ ಓದಿನಿಂದಲೂ ಬಾರದುದೊಂದು ಇದರಿಂದ ಬರುತ್ತದೆ: ಗೊತ್ತಿಲ್ಲದ ವಿಷಯದ ಮುಂದೆ ಕಂಗೆಡದೆ ನಿಲ್ಲುವ ಅಭ್ಯಾಸ.

ಮಧ್ಯದಲ್ಲಿ ನಿಂತರೆ?

ಮೂರನೆಯ ಪ್ರಶ್ನೆಯೇ ಕಠಿನ. ಕೆಲವು ಸಂಸ್ಥೆಗಳ ಇಂಟಿಗ್ರೇಟೆಡ್ ವ್ಯಾಸಂಗದಲ್ಲಿ, ಮುಂದುವರಿಯಲಾರದವರು ಸ್ನಾತಕೋತ್ತರ ಪದವಿಯನ್ನು ಪಡೆದು ಗೌರವವಾಗಿ ಹೊರಬರುವ ಅವಕಾಶವುಂಟು. ಎಲ್ಲೆಡೆಯೂ ಉಂಟೆಂದು ಭಾವಿಸಬಾರದು. ಸೇರುವ ಮುನ್ನವೇ ನಿಯಮಾವಳಿಯನ್ನು ಓದಬೇಕು.

ನಿಯಮವನ್ನು ಓದಬೇಕೆಂಬುದಕ್ಕೆ ಅನ್ನಾ ಮಣಿ ಅವರ ಬಾಳೇ ಸಾಕ್ಷಿ. ಮದರಾಸಿನಲ್ಲಿ ಬಿ.ಎಸ್‌ಸಿ. ಆನರ್ಸ್ ಮುಗಿಸಿ, 1940ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸಿ. ವಿ. ರಾಮನ್ ಅವರ ಪ್ರಯೋಗಶಾಲೆಯನ್ನು ಸೇರಿದರು. ವಜ್ರ ಮತ್ತು ಮಾಣಿಕ್ಯಗಳು ಸೂಸುವ ಬೆಳಕಿನ ರೋಹಿತವನ್ನು ತೆಗೆಯುವುದು ಅವರ ಕೆಲಸ. ಮಂದವಾದ ಬೆಳಕು, ಒಂದು ಚಿತ್ರಫಲಕಕ್ಕೆ ಹದಿನೈದು ಇಪ್ಪತ್ತು ಗಂಟೆಗಳ ಕಾಲ ಬೆಳಕನ್ನು ಹಾಯಿಸಬೇಕು. ರಾತ್ರಿಗಳು ಪ್ರಯೋಗಶಾಲೆಯಲ್ಲೇ ಕಳೆದುವು. ಐದು ಸಂಶೋಧನಾ ಲೇಖನಗಳು ಪ್ರಕಟವಾದುವು. 1945ರಲ್ಲಿ ಮಹಾಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಅವರಿಗೆ ಎಂ.ಎಸ್‌ಸಿ. ಪದವಿ ಇರಲಿಲ್ಲವೆಂಬ ಕಾರಣದಿಂದ ಡಾಕ್ಟರೇಟ್ ದೊರೆಯಲಿಲ್ಲ.

ಐದು ವರ್ಷಗಳ ದುಡಿಮೆ, ಕೈಯಲ್ಲಿ ಪದವಿಯಿಲ್ಲ. ಅಲ್ಲಿಗೆ ಎಲ್ಲವೂ ಮುಗಿಯಿತೇ? ಇಲ್ಲ. ಅದೇ ವರ್ಷ ಅವರು ಇಂಗ್ಲೆಂಡಿಗೆ ತೆರಳಿ ಹವಾಮಾನ ಉಪಕರಣಗಳ ವಿಷಯದಲ್ಲಿ ಪರಿಣತಿಯನ್ನು ಪಡೆದರು. 1948ರಲ್ಲಿ ಭಾರತೀಯ ಹವಾಮಾನ ಇಲಾಖೆಯನ್ನು ಸೇರಿ, ಪರದೇಶಗಳಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲಿಯೇ ತಯಾರಿಸುವ ಏರ್ಪಾಡು ಮಾಡಿದರು. ದೇಶದಲ್ಲೆಲ್ಲ ಸೂರ್ಯನ ವಿಕಿರಣವನ್ನು ಅಳೆಯುವ ಕೇಂದ್ರಗಳನ್ನು ಸ್ಥಾಪಿಸಿದರು. 1976ರಲ್ಲಿ ನಿವೃತ್ತರಾಗುವಾಗ ಇಲಾಖೆಯ ಉಪಮಹಾನಿರ್ದೇಶಕರಾಗಿದ್ದರು. ದೊರೆಯದಿದ್ದುದು ಕಾಗದ, ಉಳಿದುದು ವಿದ್ಯೆ. ಹಾಗೆಂದು ಆ ಅನ್ಯಾಯವನ್ನು ನಾವು ಹಗುರಮಾಡಿ ಹೇಳುತ್ತಿಲ್ಲ. ಪದವಿಯಿಲ್ಲದೆಯೂ ಎದ್ದು ನಿಂತವರ ಹೆಸರುಗಳು ನಮಗೆ ತಿಳಿದಿವೆ. ನಿಲ್ಲಲಾಗದೆ ಹೋದವರ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ.

ಗುರುವನ್ನು ಆರಿಸುವುದು

ಊರು, ಕಟ್ಟಡ, ಹೆಸರು ಇವುಗಳಿಗಿಂತ ಮುಖ್ಯವಾದುದು ಮಾರ್ಗದರ್ಶಕರ ಆಯ್ಕೆ. ಐದು ವರ್ಷ ನೀವು ಸಂಸ್ಥೆಯೊಡನೆ ಬಾಳುವುದಿಲ್ಲ, ಒಬ್ಬ ಮನುಷ್ಯರೊಡನೆ ಬಾಳುತ್ತೀರಿ. ಅವರ ಬಳಿ ಈಗ ಓದುತ್ತಿರುವವರನ್ನು ಏಕಾಂತದಲ್ಲಿ ಮಾತನಾಡಿಸಿ. ಹಿಂದಿನ ಶಿಷ್ಯರು ಎಷ್ಟು ವರ್ಷಗಳಲ್ಲಿ ಮುಗಿಸಿದರು? ಎಷ್ಟು ಮಂದಿ ಮಧ್ಯದಲ್ಲೇ ಬಿಟ್ಟರು? ಗುರುಗಳು ವಾರಕ್ಕೊಮ್ಮೆಯಾದರೂ ಕುಳಿತು ಮಾತನಾಡುತ್ತಾರೆಯೆ? ಬೇಕಾದ ಉಪಕರಣ ಕೆಲಸಮಾಡುತ್ತಿದೆಯೆ, ಇಲ್ಲವೇ ಇನ್ನೂ ಬರಬೇಕಾಗಿದೆಯೆ? ಬರಬೇಕಾದ ಉಪಕರಣವನ್ನು ಕಾಯುತ್ತ ಒಂದು ವರ್ಷ ಕಳೆದವರನ್ನು ನಾವು ಬಲ್ಲೆವು.

ಇನ್ನೊಂದು ಸುಲಭವಾದ ಪರೀಕ್ಷೆಯುಂಟು. ನಮ್ಮ ದೇಶದ ವಿಶ್ವವಿದ್ಯಾನಿಲಯಗಳ ಮಹಾಪ್ರಬಂಧಗಳನ್ನು ಶೋಧಗಂಗಾ ಎಂಬ ಭಂಡಾರದಲ್ಲಿ ಯಾರು ಬೇಕಾದರೂ ಹಣ ಕೊಡದೆ ಓದಬಹುದು. ನಿಮಗೆ ಪ್ರಿಯವಾದ ವಿಷಯದ ಪ್ರಬಂಧವೊಂದನ್ನು ತೆರೆಯಿರಿ. ಎಲ್ಲವೂ ಅರ್ಥವಾಗಬೇಕಾಗಿಲ್ಲ. ಮೊದಲ ಅಧ್ಯಾಯವನ್ನು ಓದಿದ ಮೇಲೆ "ಮುಂದೇನಾಯಿತು?" ಎಂಬ ಕುತೂಹಲ ಹುಟ್ಟಿದರೆ ಅದು ಶುಭಸೂಚನೆ. ಹತ್ತು ಪುಟಗಳಲ್ಲೇ ಆಕಳಿಕೆ ಬಂದರೆ, ಬೇರೆ ವಿಷಯವನ್ನೋ ಬೇರೆ ದಾರಿಯನ್ನೋ ಹುಡುಕುವುದು ಒಳ್ಳೆಯದು. ಅದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಬ್ಯಾಂಕಿನ ಕೆಲಸವೂ ಶಾಲೆಯ ಪಾಠವೂ ಸಂಶೋಧನೆಗಿಂತ ಕೀಳಲ್ಲ.

ನಾಲ್ಕು ದಿನಗಳ ಮೇಲೆ ತಂದೆ ಮಗಳು ಮತ್ತೆ ಬಂದರು. ನಾವು ತಿಳಿದಷ್ಟನ್ನು ಮುಚ್ಚುಮರೆಯಿಲ್ಲದೆ ಹೇಳಿದೆವು: ಐದಾರು ವರ್ಷ, ವೇತನ ಇಷ್ಟು, ಕೊನೆಯಲ್ಲಿ ಹುದ್ದೆಯ ಭರವಸೆಯಿಲ್ಲ, ಮಧ್ಯದಲ್ಲಿ ನಿಂತರೆ ಸ್ನಾತಕೋತ್ತರ ಪದವಿ ಉಂಟು. ರೈತರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಳು ಸಾಕುವುದೂ ಹಾಗೇ ಮೇಷ್ಟ್ರೆ, ಗೂಡು ಕಟ್ಟುವವರೆಗೆ ಏನೂ ಹೇಳುವ ಹಾಗಿಲ್ಲ" ಎಂದರು. ಆಮೇಲೆ ಮಗಳ ಕಡೆ ತಿರುಗಿ, "ನಿನಗೆ ಏನನ್ನಿಸುತ್ತಮ್ಮ?" ಎಂದು ಕೇಳಿದರು. ಆ ಪ್ರಶ್ನೆಯನ್ನು ನಾವೂ ಅಲ್ಲಿಯವರೆಗೆ ಕೇಳಿರಲಿಲ್ಲ.

ಆಕೆ ಸಂಶೋಧನೆಯನ್ನೇ ಆರಿಸಿಕೊಂಡಳು. ಈಗ ನಾಲ್ಕನೆಯ ವರ್ಷ. ಎಂಟು ತಿಂಗಳಿಂದ ಅವಳ ಉಪಕರಣದಲ್ಲಿ ಸರಿಯಾದ ನಿರ್ವಾತ ಬರುತ್ತಿಲ್ಲವಂತೆ. ಗಾಳಿ ಎಲ್ಲಿಂದ ನುಸುಳುತ್ತಿದೆಯೆಂದು ಒಂದೊಂದೇ ಕೀಲನ್ನು ಪರೀಕ್ಷಿಸುತ್ತಿದ್ದಾಳೆ. ಪದವಿ ದೊರೆಯುವುದೋ ಇಲ್ಲವೋ ನಾವು ಹೇಳಲಾರೆವು. ಕಳೆದ ಸಲ ಊರಿಗೆ ಬಂದಾಗ ಕಾಲೇಜಿಗೂ ಬಂದಿದ್ದಳು. ಪ್ರಯೋಗಶಾಲೆಯಲ್ಲಿ ಹುಡುಗನೊಬ್ಬ ಲೋಲಕವನ್ನು ತೂಗಿಸುತ್ತ ಪಕ್ಕದವನ ಪುಸ್ತಕದ ಕಡೆ ನೋಡುತ್ತಿದ್ದ. "ನಿನಗೆ ಎಷ್ಟು ಬಂತು?" ಎಂದು ಕೇಳಿದಳು. "9.5, ಅಕ್ಕ" ಎಂದ. "ಹಾಗೆಯೇ ಬರಿ, ಅಳಿಸಬೇಡ" ಎಂದು ಹೇಳಿ ಅವನ ಪಕ್ಕದಲ್ಲಿ ಕುಳಿತಳು.